ಮಾರನೆಯ ದಿನದ ರಕ್ತ

ಗಾಯವಾದ ದಿನ ನಾವು ಯಾರೂ ಹೆದರಿರಲಿಲ್ಲ. ಹಿರೇಗುತ್ತಿಯಲ್ಲಿ ನಮ್ಮ ಮನೆ ಹಿನ್ನೀರಿಗೆ ಹತ್ತಿರ. ಇಳಿತದ ಹೊತ್ತಿಗೆ ಹೆಂಗಸರು, ಮಕ್ಕಳು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಒಡೆದ ಚಿಪ್ಪು ಅಂಗಾಲಿಗೆ ತಾಗದೆ ಬೆಳೆದವರು ನಮ್ಮ ಕೇರಿಯಲ್ಲಿ ಇಲ್ಲವೇ ಇಲ್ಲ. ನನ್ನ ತಂಗಿಯ ಮಗಳಿಗೂ ಹಾಗೆಯೇ ತಾಗಿತು. ಎರಡನೇ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದ ಹುಡುಗಿ. ಹಿಮ್ಮಡಿಯ ಪಕ್ಕದಲ್ಲಿ ಚಿಪ್ಪು ಆಳವಾಗಿ ಕೊಯ್ದಿತ್ತು. ನನ್ನ ಆಯಿ, ಅಂದರೆ ಅಮ್ಮ, ಗಾಯ ತೊಳೆದು, ಅರಿಶಿನ ಒತ್ತಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿದಳು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

"ಆತು, ನಿಂತ್ತು. ಇನ್ನು ಅಳೂಕೆ ಎಂತ ಅದೆ?" ಎಂದಳು ಆಯಿ. ಹುಡುಗಿ ಕುಂಟುತ್ತಲೇ ಒಳಗೆ ಹೋಗಿ, ತಾನೇ ಹೆಕ್ಕಿ ತಂದ ಬಳಚಿನ ಸಾರು ಹಾಕಿಸಿಕೊಂಡು ಎರಡು ಸಲ ಅನ್ನ ಉಂಡಳು.

ಮರುದಿನ ಅದೇ ಗಾಯದಿಂದ ಮತ್ತೆ ರಕ್ತ ಬಂತು.

ನಾನು ಭಟ್ಕಳದ ಬಳಿ ಬೆಳಕೆಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆಗೆಂದು ಊರಿಗೆ ಬಂದಿದ್ದೆ. ತಂಗಿಯ ಗಂಡ ಮಲ್ಪೆಯ ಬೋಟಿನಲ್ಲಿ ಕೆಲಸಕ್ಕಿರುವುದರಿಂದ ಮೀನುಗಾರಿಕೆಯ ದಿನಗಳಲ್ಲಿ ತಂಗಿಯೂ ಮಗಳೂ ಆಯಿಯ ಜೊತೆಗೇ ಇರುತ್ತಾರೆ. ಹಾಗಾಗಿ ಆ ದಿನಗಳಲ್ಲಿ ಮನೆಯಲ್ಲಿದ್ದವರು ನಾವು ನಾಲ್ಕು ಜನ ಹೆಣ್ಣುಗಳು ಮಾತ್ರ. ಹುಡುಗಿಯನ್ನು ಬಿಟ್ಟು ಉಳಿದ ಮೂವರೂ ಅವಳನ್ನು ಪ್ರೀತಿಸುತ್ತಿದ್ದೆವು, ಆದರೆ ಅವಳ ಒಂದು ಮಾತನ್ನು ಮಾತ್ರ ಯಾರೂ ನಂಬುತ್ತಿರಲಿಲ್ಲ.

"ಕೆದಕ್ದ್ಯಾ?" ಎಂದು ಆಯಿ ಕೇಳಿದಳು.

"ಇಲ್ಲ ಅಜ್ಜಿ. ನಾ ಮುಟ್ಲೇ ಇಲ್ಲ."

"ಮುಟ್ಲೇ ಇಲ್ವಾ? ಹಾಂಗಾರೆ ರಕ್ತ ಅದೇ ನಡ್ಕಂಡ್ ಹೊರಗೆ ಬಂತಾ?"

ತಂಗಿ ನಕ್ಕಳು. ನಾನೂ ನಕ್ಕೆ. ಏಕೆಂದರೆ ಇದು ಹೊಸದಲ್ಲ. ಮೊಣಕಾಲು ತರಚಿದಾಗ, ಹಾಲುಹಲ್ಲು ಬಿದ್ದಾಗ, ಮುಳ್ಳು ತೆಗೆದಾಗ, ಪ್ರತಿಸಲವೂ ಮೊದಲ ದಿನ ನಿಂತ ರಕ್ತ ಮರುದಿನವೋ ಅದರ ಮರುದಿನವೋ ಮತ್ತೆ ಒಸರುತ್ತಿತ್ತು. ಹಕ್ಕಳೆ ಕಟ್ಟಲು ಬಿಡದೆ ಉಗುರು ಹಾಕುತ್ತಾಳೆ ಎಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ಆಯಿ ಅವಳಿಗೆ 'ಕೋಳಿ' ಎಂದೇ ಹೆಸರಿಟ್ಟಿದ್ದಳು. "ಏ ಕೋಳೀ, ಕೆದರೂಕೆ ಬೇರೆ ಜಾಗ ಸಿಗ್ಲಿಲ್ವನೇ ನಿಂಗೆ?" ಎಂದು ಅಂಗಳದಿಂದಲೇ ಕೂಗುವಳು. ಅಕ್ಕಪಕ್ಕದ ಮಕ್ಕಳೂ ಹಾಗೆಯೇ ಕರೆಯುತ್ತಿದ್ದರು. ಅವಳು ಮೊದಮೊದಲು ಅಳುತ್ತಿದ್ದಳು, ಆಮೇಲೆ ಸುಮ್ಮನಿರುವುದನ್ನು ಕಲಿತಳು.

ಕುಮಟೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆವು. ವೈದ್ಯರು ತಿಳಿದವರೇ. ಗಾಯ ಮತ್ತೆ ತೆರೆದುಕೊಂಡಿದೆ ಎಂದಾಗ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಮಾಡಿಸಿದರು. ಎಲ್ಲವೂ ಸರಿಯಾಗಿಯೇ ಬಂತು. "ಮಕ್ಕಳು ಗೊತ್ತಿಲ್ಲದೆ ಕೈ ಹಾಕ್ತಾವೆ, ಸ್ವಲ್ಪ ನೋಡ್ಕೊಳ್ಳಿ" ಎಂದರು. ಅವರು ಬೇರೆ ಏನು ಹೇಳಬೇಕಿತ್ತು? ಆದರೆ ಆ ಮಾತನ್ನು ಆಯಿ ಕೋರ್ಟಿನ ತೀರ್ಪಿನಂತೆ ಮನೆಗೆ ತಂದಳು. ಬಂದವಳೇ ಹಳೆಯ ಲುಂಗಿಯ ಬಟ್ಟೆಯಿಂದ ಎರಡು ಚಿಕ್ಕ ಚೀಲ ಹೊಲಿದು, ಹುಡುಗಿಯ ಎರಡೂ ಕೈಗಳಿಗೆ ತೊಡಿಸಿ, ಮಣಿಕಟ್ಟಿನಲ್ಲಿ ಲಾಡಿ ಕಟ್ಟಿದಳು. ನಮ್ಮ ಕಡೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದ ಮಕ್ಕಳಿಗೆ ಹಾಗೆ ಕಟ್ಟುವುದುಂಟು. ಅವಳಿಗೆ ಊಟವನ್ನು ಯಾರಾದರೂ ಕಲಸಿ ಬಾಯಿಗಿಡಬೇಕಿತ್ತು. ಅದನ್ನು ಆಯಿಯೇ ಮಾಡಿದಳು. ಬಂಗಡೆಯ ಮುಳ್ಳು ಬಿಡಿಸಿ, ಬೆನ್ನಿನ ಭಾಗವನ್ನೇ ಆರಿಸಿ, ತುತ್ತಿನ ಮೇಲೆ ತುತ್ತು. ಬಯ್ಯುವುದೂ ಅವಳೇ, ಉಣಿಸುವುದೂ ಅವಳೇ.

ಹೊಲಿಗೆ ಹಾಕಿಸಿದ ಮರುದಿನದ ಮಧ್ಯಾಹ್ನವನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತೇನೆ. ತಂಗಿ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದಳು. ಆಯಿ ಒಣಮೀನು ಮಗುಚಲು ಹಿತ್ತಲಲ್ಲಿದ್ದಳು. ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ, ತೆಳ್ಳಗಿನ ಹೊದಿಕೆ ಹೊದ್ದು ಮಲಗಿದ್ದಳು. ನಾನು ಗೋಡೆಗೆ ಒರಗಿ ಏನೋ ಓದುತ್ತಿದ್ದೆ. ಫ್ಯಾನ್ ಕಿರ್ ಕಿರ್ ಎನ್ನುತ್ತಿತ್ತು. ಎರಡು ಸಲ ಅವಳತ್ತ ನೋಡಿದೆ. ಕಣ್ಣು ಬಿಟ್ಟುಕೊಂಡು ಮಾಡಿನ ಹಂಚು ನೋಡುತ್ತಿದ್ದಳು. "ನಿದ್ದೆ ಬರ್ಲಿಲ್ವಾ ಮಗಾ?" ಎಂದು ಕೇಳಿದರೆ ತಲೆಯಾಡಿಸಿದಳು. ಇಷ್ಟು ಸೆಕೆಯಲ್ಲಿ ಹೊದಿಕೆ ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಮೂರನೆಯ ಸಲ ನೋಡಿದಾಗ ಅವಳ ತುಟಿ ಬಿಳುಚಿಕೊಂಡಿತ್ತು. ಎದ್ದು ಹತ್ತಿರ ಹೋದೆ. ಚಾಪೆಯ ಅಂಚಿನಿಂದ ಒಂದು ಕಪ್ಪು ಗೆರೆ ಸಿಮೆಂಟ್ ನೆಲದ ಮೇಲೆ ನಿಧಾನವಾಗಿ ಬಾಗಿಲಿನ ಕಡೆ ಹರಿದಿತ್ತು. ಅದು ನೀರೆಂದುಕೊಂಡು ನಾನು ಕಾಲಿಟ್ಟೆ. ಬೆಚ್ಚಗಿತ್ತು.

ಹೊದಿಕೆ ಎಳೆದೆ. ಪಟ್ಟಿ, ಹೊದಿಕೆಯ ಕೆಳಗಿನ ಭಾಗ, ಚಾಪೆ, ಎಲ್ಲ ತೊಯ್ದಿತ್ತು. ಹೊಲಿಗೆಯ ಸುತ್ತ ಕಾಲು ಊದಿ ನೀಲಿಗಟ್ಟಿತ್ತು. ಅವಳು ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದಳು. ಲುಂಗಿಯ ಚೀಲಗಳು ಹಾಗೆಯೇ ಇದ್ದವು. ಲಾಡಿಯ ಗಂಟು ಆಯಿ ಹಾಕಿದಂತೆಯೇ ಇತ್ತು. ಬಟ್ಟೆಯ ಮೇಲೆ ಒಂದು ಹನಿ ಕಲೆಯೂ ಇರಲಿಲ್ಲ.

"ನಾ ಕೆದಕ್ಲಿಲ್ಲ ದೊಡ್ಡಾಯಿ. ನೋಡು."

"ಎಂತಕ್ಕೆ ಹೇಳ್ಲಿಲ್ಲ ಮಗಾ? ಯಾವಾಗಿಂದ ಬತ್ತಾ ಅದೆ?"

"ಬೆಳಿಗ್ಗೆಯಿಂದ," ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹೇಳಿದ್ರೆ ಅಜ್ಜಿ ಬಯ್ತದೆ."

ನಾನು ಕೂಗಿದ ಕೂಗು ಯಾವ ಶಬ್ದವಾಗಿತ್ತೋ ಗೊತ್ತಿಲ್ಲ. ಬಾವಿಕಟ್ಟೆಯಿಂದ ತಂಗಿ ಕೈಯಲ್ಲಿ ಸಾಬೂನು ಹಿಡಿದುಕೊಂಡೇ ಓಡಿಬಂದಳು. ಆಯಿ ಬಾಗಿಲಲ್ಲಿ ನಿಂತು ಮೊದಲು ನೆಲ ನೋಡಿದಳು, ಆಮೇಲೆ ಆ ಚೀಲಗಳನ್ನು. ಅವಳ ಮುಖವನ್ನು ನಾನು ಬರೆಯಲಾರೆ.

ಫೋನ್ ಮಾಡಿ ಕರೆಸಿದ ಆ್ಯಂಬುಲೆನ್ಸ್ ಕುಮಟೆ ಮುಟ್ಟಿತು. ಅಲ್ಲಿ ಗಾಯ ಒತ್ತಿ ಕಟ್ಟಿ, ಸಲೈನ್ ಹಾಕಿ, ಮಂಗಳೂರಿಗೆ ಒಯ್ಯಲು ಹೇಳಿದರು. ನಮ್ಮ ಜಿಲ್ಲೆಯವರಿಗೆ ಈ ದಾರಿ ಗೊತ್ತು. ದೊಡ್ಡ ಕಾಯಿಲೆ ಎಂದರೆ ದಕ್ಷಿಣಕ್ಕೆ ಹೋಗುವ ಹೆದ್ದಾರಿ. ಹೊನ್ನಾವರದ ಸೇತುವೆ ದಾಟುವಾಗ ಹುಡುಗಿ ಕಣ್ಣು ಮುಚ್ಚಿದಳು. ತಂಗಿ ಅವಳ ಹಿಮ್ಮಡಿಯನ್ನು ಎರಡೂ ಕೈಗಳಿಂದ ಅದುಮಿ ಹಿಡಿದಿದ್ದಳು, ಕೈ ಬದಲಾಯಿಸಲು ಕೊಡಲಿಲ್ಲ. ಆಯಿ ತಲೆಯ ಕಡೆ ಕೂತು "ಕೋ..." ಎಂದು ಕರೆಯಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ ಹುಡುಗಿಯ ನಿಜವಾದ ಹೆಸರು ಹಿಡಿದು ಕರೆದಳು. ಅವಳ ಬಾಯಲ್ಲಿ ಆ ಹೆಸರು ಕೇಳಿ ಎಷ್ಟೋ ಕಾಲವಾಗಿತ್ತು. ಹುಡುಗಿ "ಹೂಂ" ಎಂದಳು. ಮಂಗಳೂರಿನ ತನಕ ಆಯಿ ಅದೊಂದೇ ಕೆಲಸ ಮಾಡಿದಳು. ಹೆಸರು ಕರೆಯುವುದು, "ಹೂಂ" ಬರುವ ತನಕ ಕಾಯುವುದು, ಮತ್ತೆ ಕರೆಯುವುದು.

ಪಟ್ಟಿ ಮತ್ತೆ ಮತ್ತೆ ತೊಯ್ಯುತ್ತಿತ್ತು. ಗಾಡಿಯಲ್ಲಿದ್ದ ಗಾಜ್ ಮುಗಿಯುತ್ತ ಬಂತು. ನಾನು ಭಟ್ಕಳದ ಪರಿಚಯದ ಮೆಡಿಕಲ್ ಅಂಗಡಿಯವರಿಗೆ ಫೋನ್ ಮಾಡಿದೆ. ನಮ್ಮ ಗಾಡಿ ಬರುವಷ್ಟರಲ್ಲಿ ಅವರು ಹೆದ್ದಾರಿಯ ಅಂಚಿಗೇ ಬಂದು, ಒಂದು ಕಟ್ಟು ಗಾಜ್ ಎತ್ತಿ ಹಿಡಿದು ನಿಂತಿದ್ದರು. ಕಿಟಕಿಯಿಂದ ಒಳಗೆ ತುರುಕಿ, "ಜಲ್ದಿ ನಡೀರಿ ಟೀಚರ್, ನಿಲ್ಬೇಡಿ" ಎಂದರು. ಗಾಡಿ ಸರಿಯಾಗಿ ನಿಂತಿರಲೂ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆಗಳನ್ನು ನೋಡುವ ಒಬ್ಬರು ವೈದ್ಯೆ ಬಂದರು. ನಮ್ಮ ಕೈಯಲ್ಲಿದ್ದ ಹಳೆಯ ವರದಿ ಓದಿ, ಗಾಯ ನೋಡಿ, ಮೊದಲು ಹುಡುಗಿಯನ್ನೇ ಕೇಳಿದರು: "ಗಾಯ ಆದ ದಿನ ರಕ್ತ ನಿಂತು, ಮಾರನೇ ದಿನ ಮತ್ತೆ ಬರುತ್ತಾ ಪುಟ್ಟಿ?"

"ಹೌದು. ನಾ ಮುಟ್ಟದಿದ್ರೂ ಬತ್ತದೆ."

"ಗೊತ್ತು," ಎಂದರು ಅವರು.

ಆ ಒಂದು ಮಾತಿಗೆ ಹುಡುಗಿ ಅವರನ್ನು ನೋಡಿದ ನೋಟ ನನ್ನ ಕಣ್ಣಿನಲ್ಲಿದೆ. ಅಷ್ಟು ಸೋತು ಮಲಗಿದ್ದವಳು ತಲೆ ಎತ್ತಿ ನೋಡಿದಳು.

ಆಮೇಲೆ ವೈದ್ಯೆ ನಮ್ಮ ಕಡೆ ತಿರುಗಿ ಕೇಳಿದ್ದು ಕಾಲಿಗೂ ಚಿಪ್ಪಿಗೂ ಸಂಬಂಧವೇ ಇಲ್ಲದ ಪ್ರಶ್ನೆ. "ಹುಟ್ಟಿದಾಗ, ಹೊಕ್ಕುಳಬಳ್ಳಿ ಬಿದ್ದ ಮೇಲೆ, ಹೊಕ್ಕುಳಿಂದ ರಕ್ತ ಬಂದಿತ್ತಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಆಯಿ ಗೋಡೆ ನೋಡಿದಳು.

"ಬಂದಿತ್ತು," ಎಂದಳು. "ಸುಮಾರು ದಿನ ಬಂತು. ದೃಷ್ಟಿ ತಾಗೀದೆ ಅಂದ್ಕಂಡೆ ನಾನು. ಬಾಣಂತಿ ಹೆದರ್ಕಂಬುದು ಬೇಡ ಹೇಳಿ ಇವಳಿಗೆ ತೋರಿಸ್ಲೇ ಇಲ್ಲ. ಬಟ್ಟೆ ಬದಲ್ಸಿ ಬದಲ್ಸಿ ತೊಳ್ದೆ."

"ಸಂಬಂಧದೊಳಗಿನ ಮದುವೆಯಾ?"

"ನನ್ನ ತಮ್ಮನ ಮಗ," ಎಂದಳು ಆಯಿ. ತಂಗಿಯ ಮದುವೆ ನಿಶ್ಚಯಿಸಿದವಳು ಅವಳೇ.

ವೈದ್ಯೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯಲಿಲ್ಲ. ರಕ್ತದ ಮಾದರಿ ತೆಗೆದುಕೊಂಡ ಕೂಡಲೇ ರಕ್ತನಿಧಿಯಿಂದ ತಿಳಿಹಳದಿ ಬಣ್ಣದ ದ್ರವ ತುಂಬಿದ ಸಣ್ಣ ಸಣ್ಣ ಚೀಲಗಳನ್ನು ತರಿಸಿ ಹನಿಹನಿಯಾಗಿ ಏರಿಸಿದರು. ಬೇರೆ ಯಾರೋ ಕೊಟ್ಟ ರಕ್ತದಿಂದ ಬೇರ್ಪಡಿಸಿದ ದ್ರವ ಅದು. ನಾನು ಪಟ್ಟಿಯನ್ನೇ ನೋಡುತ್ತ ಕುಳಿತೆ. ಪಟ್ಟಿಯ ಮೇಲಿನ ಕೆಂಪು ಒಂದು ಹಂತಕ್ಕೆ ಬಂದು ನಿಂತಿತು. ಸುತ್ತಲಿನ ಬಿಳಿ ಬಿಳಿಯಾಗಿಯೇ ಉಳಿಯಿತು. ಮರುದಿನವೂ ಹಾಗೆಯೇ ಇತ್ತು. ನಮಗೆ ಆ ಹುಡುಗಿಯ ಮರುದಿನವೇ ಮುಖ್ಯವಾಗಿತ್ತು.

ಆ ಮರುದಿನ ವೈದ್ಯೆ ನನ್ನನ್ನು ಕರೆದು ಎರಡು ಗಾಜಿನ ನಳಿಕೆ ತೋರಿಸಿದರು. ಎರಡರಲ್ಲೂ ಹೆಪ್ಪುಗಟ್ಟಿದ ರಕ್ತದ ತುಣುಕನ್ನು ಒಂದು ದ್ರಾವಣದಲ್ಲಿ ಇಟ್ಟಿದ್ದರಂತೆ. ಒಂದು ಬೇರೆ ಯಾರದೋ, ಇನ್ನೊಂದು ನಮ್ಮವಳದು, ಚಿಕಿತ್ಸೆಗೆ ಮೊದಲು ತೆಗೆದದ್ದು. ಒಂದರ ತಳದಲ್ಲಿ ತುಣುಕು ಹಾಗೆಯೇ ಕುಳಿತಿತ್ತು. ನಮ್ಮವಳದರಲ್ಲಿ ಏನೂ ಇರಲಿಲ್ಲ. ಕರಗಿಹೋಗಿತ್ತು.

ರಕ್ತ ಹೆಪ್ಪುಗಟ್ಟುವುದನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿಯುತ್ತವೆ ಎಂದು ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಪಾಠ ಮುಗಿಸುತ್ತೇನೆ. ಆ ಬಾಣದ ಆಚೆಗೂ ಒಂದು ಹೆಜ್ಜೆ ಇದೆ ಎಂದು ಅಂದು ತಿಳಿಯಿತು. ಎಳೆಗಳು ಸೇರಿದರೆ ಸಾಲದು. ಒಂದು ಎಳೆಯನ್ನು ಇನ್ನೊಂದಕ್ಕೆ ಬಿಗಿಯುವ ಮತ್ತೊಂದು ಪ್ರೋಟೀನ್ ಬೇಕು. ಹದಿಮೂರನೆಯ ಅಂಶ ಎಂದು ಅದಕ್ಕೆ ಹೆಸರು. ನಮ್ಮ ಹುಡುಗಿಯ ರಕ್ತದಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ಮಾಡುವ ಸೂಚನೆ ಬರೆದಿರುವ ಜೀನ್ ಅವಳಲ್ಲಿ ಕೆಟ್ಟಿದೆ. ಕುಮಟೆಯ ಪರೀಕ್ಷೆ ತಪ್ಪಾಗಿರಲಿಲ್ಲ. ಅದು ಹೆಪ್ಪು ಕಟ್ಟುತ್ತದೆಯೇ ಎಂದು ನೋಡುತ್ತದೆ, ಕಟ್ಟಿದ್ದು ನಾಳೆಯ ತನಕ ನಿಲ್ಲುತ್ತದೆಯೇ ಎಂದು ನೋಡುವುದಿಲ್ಲ. ಗಾಯ ಮಾಯಲು ಬರುವ ಹೊಸ ಕೋಶಗಳು ಆ ಬಲೆಯನ್ನೇ ಹಿಡಿದು ಗಾಯದೊಳಕ್ಕೆ ತೆವಳಬೇಕಂತೆ. ಬಲೆಯೇ ಕಳಚಿಬಿದ್ದರೆ ಅವಕ್ಕೆ ಹಿಡಿಯಲು ಏನಿದೆ? ಅವಳ ಗಾಯಗಳು ರಕ್ತ ನಿಂತ ಮೇಲೂ ವಾರಗಟ್ಟಲೆ ಹಸಿಯಾಗಿರುತ್ತಿದ್ದುದು ಅದಕ್ಕೇ.

"ಕಾಲಿಗೆ ಆಗಿದ್ದು ಒಳ್ಳೆಯದಾಯಿತು," ಎಂದರು ವೈದ್ಯೆ. "ತಲೆಯೊಳಗೆ ಆಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ." ಆ ಮಾತನ್ನು ತಂಗಿಗೆ ಹೇಳಲು ನನಗೆ ಬಹಳ ಕಾಲ ಹಿಡಿಯಿತು. ಮಾವಿನ ಮರದಿಂದ ಅವಳು ಬಿದ್ದ ದಿನಗಳೆಲ್ಲ ನನಗೊಬ್ಬಳಿಗೇ ನೆನಪಾಗುತ್ತಿದ್ದವು.

ಆಯಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ವಿವರಿಸಿದೆ. ಗಂಟಿಲ್ಲದ ಬಲೆ ಇದ್ದ ಹಾಗೆ ಎಂದೆ.

"ಗಂಟಿಲ್ದ ಬಲೆ ಯಾವ ಹುಚ್ಚ ಮಾಡ್ತ?" ಎಂದಳು. ಆಮೇಲೆ ತಾನೇ, "ನಾ ಮಾಡ್ದೆ," ಎಂದಳು.

"ಎಂತ ಆಯಿ ಹೇಳ್ತೆ?"

"ನಂಗೆ ಅರ್ಥ ಆಗೂದಿಲ್ಲ ಅಂದ್ಕಂಡ್ಯಾ? ನನ್ನ ಕಡೆಯಿಂದ ಒಂದು, ನನ್ನ ತಮ್ಮನ ಕಡೆಯಿಂದ ಒಂದು. ಎರಡೂ ಕೂಡಿಸ್ದವಳು ನಾನೇ ಅಲ್ದಾ. ಗುರುತಿನ ಹುಡ್ಗ, ಮಗಳು ಕಣ್ಣೆದುರಿಗೆ ಇರ್ತದೆ ಹೇಳಿ. ಮತ್ತೆ ಆ ಕೂಸಿಗೇ ಬಯ್ದೆ, ಕೈ ಬೇರೆ ಕಟ್ಟಿ ಹಾಕ್ದೆ."

ಅವಳ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಪ್ರತಿಯೊಂದು ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಹೇಳಿದೆ. ಒಂದು ಕೆಟ್ಟಿದ್ದರೂ ಇನ್ನೊಂದು ಸುಮ್ಮನೆ ಕೆಲಸ ಮಾಡುತ್ತದೆ, ಗಾಯ ಸರಿಯಾಗಿಯೇ ಮಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ಕೊಟ್ಟದ್ದು ನಿನ್ನ ಅಪ್ಪನೋ ಆಯಿಯೋ. ಅವರಿಗೆ ಕೊಟ್ಟವರು ಯಾರೋ. ಅವರೂ ಬಳಚು ಹೆಕ್ಕಿ, ಕಾಲು ಕೊಯ್ದುಕೊಂಡು, ವಾಸಿಯಾಗಿ, ಮೊಮ್ಮಕ್ಕಳನ್ನು ಕಂಡು ಹೋದರು. "ನನ್ನ ಮೈಯಲ್ಲೂ ಆ ಒಂದು ಇರ್ಬಹುದು ಆಯಿ. ನಂಗೆ ಅದನ್ನು ಕೊಟ್ಟೆ ಹೇಳಿ ನಾನು ನಿಂಗೆ ಬಯ್ಯೂದಾ?"

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಬಯ್ಯೂಕೆ ಬೇರೆ ಕಾರಣ ಬೇಕಷ್ಟು ಅದೆ," ಎಂದಳು. ಅಳುತ್ತಲೇ ನಕ್ಕಳು.

ಅಷ್ಟರಲ್ಲಿ ಬೋಟು ದಡಕ್ಕೆ ಬಂದು ಸುದ್ದಿ ತಿಳಿದ ತಂಗಿಯ ಗಂಡ ಬಂದ. ಡೀಸೆಲ್ ಮತ್ತು ಮೀನಿನ ವಾಸನೆಯ ಅಂಗಿಯಲ್ಲೇ ಬಂದಿದ್ದ. ಮಗಳ ಹತ್ತಿರ ಹೋಗಲು ಹಿಂಜರಿದು ಬಾಗಿಲಲ್ಲೇ ನಿಂತ. ಅವಳೇ ಕರೆದಳು: "ಅಪ್ಪಾ, ನಾ ಕೆದಕ್ಲಿಲ್ಲ ಹೇಳಿ ಡಾಕ್ಟ್ರಿಗೆ ಗೊತ್ತು." ಅವಳಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ಯಾವುದೋ ಅಪರಿಚಿತರ ರಕ್ತದ ಹಳದಿ ನೀರು ತನ್ನ ಮೈಗೆ ಏರುತ್ತಿದೆ ಎಂದು ತಿಳಿದಾಗ ಮಾತ್ರ ಒಂದು ಅನುಮಾನ ಎತ್ತಿದಳು. "ಅವ್ರು ಮೀನು ತಿಂಬೂರಾ?" ಗೊತ್ತಿಲ್ಲ ಎಂದೆವು. "ತಿನ್ನದಿದ್ರೂ ಅಡ್ಡಿಲ್ಲ," ಎಂದು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಳು.

ಆ ಪ್ರೋಟೀನ್ ಒಮ್ಮೆ ಒಳಗೆ ಹೋದರೆ ಬಹಳ ದಿನ ಉಳಿಯುತ್ತದೆ, ಸ್ವಲ್ಪವೇ ಇದ್ದರೂ ಸಾಕು ಎಂದರು ವೈದ್ಯೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬಂದು ಏರಿಸಿಕೊಂಡು ಹೋದರೆ ಉಳಿದ ಮಕ್ಕಳಂತೆಯೇ ಓಡಾಡಬಹುದು. ಹೊರಡುವ ದಿನ ಗಾಯದ ಪಟ್ಟಿ ಬಿಚ್ಚಿದರು. ಎರಡು ಅಂಚುಗಳ ನಡುವೆ ಎಳೆಯ ಗುಲಾಬಿ ಬಣ್ಣದ ತೆಳು ಚರ್ಮ ಎರಡೂ ಕಡೆಯಿಂದ ಬಂದು ಹತ್ತಿರ ಹತ್ತಿರ ನಿಂತಿತ್ತು. ವೈದ್ಯೆ ಹೊಸ ಪಟ್ಟಿ ಕಟ್ಟಿ ನಮ್ಮೆಲ್ಲರನ್ನೂ ಕೂರಿಸಿ ಒಂದೇ ಮಾತು ಹೇಳಿದರು. ಔಷಧಿಗಿಂತ ಮುಖ್ಯವಾದದ್ದು ಇದು: ಒದ್ದೆಯಾದರೆ, ಊದಿದರೆ, ತಲೆನೋವು ಬಂದರೆ, ಬಿದ್ದರೆ, ಆ ಕ್ಷಣವೇ ಅವಳು ಹೇಳಬೇಕು. ಅವಳು ಹೇಳುವಂಥ ಮನೆ ನೀವು ಇಟ್ಟುಕೊಳ್ಳಬೇಕು. ಹುಡುಗಿ ಆಗಲಿ ಎಂದು ತಲೆಯಾಡಿಸಿದಳು, ಆದರೆ ತಲೆಯಾಡಿಸುವಾಗ ಅಜ್ಜಿಯ ಕಡೆ ಒಮ್ಮೆ ನೋಡಿದಳು. ನಾವೆಲ್ಲ ಅದನ್ನು ನೋಡಿದೆವು. ಆಯಿಯೂ ನೋಡಿದಳು.

ರೈಲಿನಲ್ಲಿ ಊರಿಗೆ ಹೊರಟೆವು. ಹುಡುಗಿಗೆ ಕಿಟಕಿಯ ಸೀಟು. ತಂಗಿಯ ಗಂಡ ಮಲ್ಪೆಗೆ ಹಿಂದಿರುಗಿದ್ದ. ತಂಗಿ ಎಷ್ಟೋ ದಿನಗಳ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದಳು. ನಾನು ಪಟ್ಟಿ ನೋಡುವುದು, ಹೊರಗೆ ನೋಡುವುದು, ಮತ್ತೆ ಪಟ್ಟಿ ನೋಡುವುದು. ಪಟ್ಟಿ ಒಣಗಿಯೇ ಇತ್ತು. ಆದರೂ ಕಣ್ಣು ಮುಚ್ಚಿದರೆ ಚಾಪೆಯ ಅಂಚಿನ ಆ ಗೆರೆ ಹರಿಯಲು ಶುರುವಾಗುತ್ತಿತ್ತು. ಈಗಲೂ ಆಗುತ್ತದೆ.

ಭಟ್ಕಳ ದಾಟಿದ ಮೇಲೆ ಹುಡುಗಿ ಕಿಟಕಿ ನೋಡುವುದನ್ನು ಬಿಟ್ಟು ತನ್ನ ಮಡಿಲು ನೋಡಿಕೊಂಡಳು. ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಬಾಯಿ ತೆರೆದು ಮುಚ್ಚಿದಳು. ಆಯಿ ಚೀಲದಿಂದ ಬಾಳೆಹಣ್ಣು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಎಂತ ಮಗಾ?"

"ಅಜ್ಜಿ," ಎಂದಳು ಹುಡುಗಿ. "ಅಜ್ಜಿ, ಒದ್ದೆ ಆತು."

ನಾನು ಎದ್ದೇಬಿಟ್ಟೆ. ತಂಗಿ ನಿದ್ದೆಯಿಂದಲೇ ಕೈ ಚಾಚಿ ಮಗಳ ಕಾಲು ಹಿಡಿದಳು. ಪಟ್ಟಿಯ ಒಂದು ಬದಿ ನಿಜಕ್ಕೂ ತೊಯ್ದಿತ್ತು. ಬೆರಳಿಟ್ಟು ನೋಡಿದೆ. ತಣ್ಣಗಿತ್ತು. ಬೆರಳಿನಲ್ಲಿ ಬಣ್ಣವಿರಲಿಲ್ಲ. ಸೀಟಿನ ಮೇಲೆ ನೀರಿನ ಬಾಟಲಿ ಮಗುಚಿ ಬಿದ್ದಿತ್ತು, ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಸೀಟು, ಅವಳ ಲಂಗ, ಆಯಿಯ ಬಟ್ಟೆಯ ಚೀಲ, ಎಲ್ಲ ನೀರು.

ಹುಡುಗಿ ನೀರನ್ನು ನೋಡಿ ಇನ್ನಷ್ಟು ಕುಗ್ಗಿದಳು. ಆಯಿ ಬಾಳೆಹಣ್ಣನ್ನು ಪಕ್ಕಕ್ಕಿಟ್ಟು, ಅವಳನ್ನು ಎತ್ತಿ ತನ್ನ ಒಣ ಸೀರೆಯ ಮೇಲೆ ಕೂರಿಸಿಕೊಂಡಳು. ಸೆರಗಿನ ತುದಿಯಿಂದ ಪಟ್ಟಿಯ ಒದ್ದೆಯನ್ನು ಒತ್ತಿ ಒತ್ತಿ ತೆಗೆದಳು. ಬಹಳ ಹೊತ್ತು ಒತ್ತಿದಳು.

"ಬಯ್ಯೂದಿಲ್ವಾ ಅಜ್ಜಿ?"

"ನೀರು ಚೆಲ್ಲಿದ್ದಕ್ಕೆ ಬಯ್ತೆ, ಮನೆಗೆ ಹೋದ ಮೇಲೆ," ಎಂದಳು ಆಯಿ. "ಹೇಳಿದ್ದಕ್ಕೆ ಬಯ್ಯೂದಿಲ್ಲ."